ಗೂಟದ ಬಂಡೆ

ಮಕ್ಬುಲಸಾಬನ ಬಲಗಾಲು ಬಂಡೆಯ ಕೆಳಗೆ ಸಿಕ್ಕಿದ್ದು ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ. ಕಲ್ಲು ಸಿಡಿಸಲು ಕೊರೆದ ಮೂರನೆಯ ಕುಳಿಗೆ ಮದ್ದು ಹೆಚ್ಚಾಯಿತು, ಅದೇ ಕಾರಣ ಎಂದು ಕೆಲಸ ಮಾಡಿಸುವ ಮುಕಾದಮ ಕೊಟ್ರಪ್ಪ ಹೇಳಿದ. ದೇವರ ಇಚ್ಛೆ ಎಂದು ಇನ್ನಾರೋ ಹೇಳಿದರು. ಮೂರು ತಿಂಗಳ ಹಿಂದೆ ನಾನು ಒಂದು ಮಾತು ಆಡಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅದು ೧೯೪೬. ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾಗಿ ಒಂದು ವರ್ಷವಾಗಿತ್ತು. ಗಂಗಾವತಿಯಿಂದ ಆರು ಮೈಲಿ ದೂರದ ಕರಡಿಗುಡ್ಡದಲ್ಲಿ ಒಬ್ಬ ಗುತ್ತಿಗೆದಾರ ಕಲ್ಲು ಒಡೆಸುತ್ತಿದ್ದ. ನಾನು ಭೂಗರ್ಭ ಖಾತೆಯ ಸಣ್ಣ ನೌಕರ. ಒಡೆದ ಕಲ್ಲಿನಲ್ಲಿ ಬಿರುಕಿದೆಯೇ, ಕೊಳೆತ ಪದರವಿದೆಯೇ ಎಂದು ನೋಡಿ ಒಳ್ಳೆಯದಕ್ಕೆ ಬಿಳಿ ಗುರುತು, ಕೆಟ್ಟದ್ದಕ್ಕೆ ಕೆಂಪು ಗುರುತು ಹಾಕುವುದು ನನ್ನ ಕೆಲಸ. ಹೆಸರು ಹಂಪಣ್ಣ, ಊರು ಕುಷ್ಟಗಿ, ಒಕ್ಕಲುತನದ ಮನೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು. ಕಲ್ಲಿನ ಶಾಸ್ತ್ರವನ್ನೂ ಹೈದರಾಬಾದಿನಲ್ಲಿ ಉರ್ದುವಿನಲ್ಲಿಯೇ ಓದಿದೆ.

ಉಮರಸಾಬನದು ಇದರ ಉಲ್ಟಾ. ಅವನು ತಳಕಲ್ಲು ಊರಿನ ಪಿಂಜಾರ. ಮನೆಮಾತು ಕನ್ನಡ, ಉರ್ದು ಅವನಿಗೆ ಅಷ್ಟಕ್ಕಷ್ಟೇ. ಪ್ರಾಯದಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವನು, ಆ ಕೆಲಸದಲ್ಲಿ ಹೊಟ್ಟೆ ತುಂಬದೆ ಕಲ್ಲಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಮಗಳು ಮಾಶಾಬಿಯನ್ನು ಮಕ್ಬುಲಸಾಬನಿಗೆ ಕೊಟ್ಟು, ಅಳಿಯನನ್ನೂ ಕಲ್ಲಿಗೆ ಹಚ್ಚಿದ್ದ. ಶುಕ್ರವಾರ ಗಂಗಾವತಿಯ ಮಸೀದಿಗೆ ಹೋಗಿ ಮೌಲ್ವಿ ಉರ್ದುವಿನಲ್ಲಿ ಹೇಳಿದ್ದನ್ನು ಕೇಳಿ ಬರುತ್ತಿದ್ದ. ಶನಿವಾರ ಅದನ್ನು ಅರ್ಧಂಬರ್ಧ ನನ್ನ ಮುಂದೆ ಒಪ್ಪಿಸಿ ಅರ್ಥ ಕೇಳುತ್ತಿದ್ದ. ಲಿಂಗ ಕಟ್ಟಿದ ನಾನು ಅವನಿಗೆ ಅವನ ಧರ್ಮದ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಇದು ಇಬ್ಬರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಮೂರು ತಿಂಗಳ ಹಿಂದಿನ ಒಂದು ಶನಿವಾರ ಮಧ್ಯಾಹ್ನ ಕೆಲಸದವರೆಲ್ಲ ರೊಟ್ಟಿ ಬಿಚ್ಚಿ ಕೂತಿದ್ದರು.

"ಸಾಹೇಬ್ರ, ಮೇಖ ಅಂದ್ರ ಗೂಟ ಹೌದಲ್ಲರಿ?" ಎಂದ ಉಮರಸಾಬ.

"ಹೌದು ಕಾಕಾ. ಡೇರೆಗೆ ಹೊಡೀತಾರಲ್ಲ, ಆ ಗೂಟ."

"ಕೇಳಿದೇನ ದುರುಗವ್ವ? ಗುಡ್ಡ ಅಂದ್ರ ಅಲ್ಲಾ ಹೊಡದ ಗೂಟ. ಭೂಮಿ ನಮ್ಮನ್ನ ಹೊತ್ಕೊಂಡು ಅಲುಗಬಾರದಂತ ಹೊಡದಾನ. ನಮ್ಮ ಕಿತಾಬದಾಗ ಐತಿ."

ದುರುಗವ್ವ ವಡ್ಡರ ಗುಂಪಿನ ಹಿರಿಯಳು. ಬಾಯಲ್ಲಿ ಎಲೆಅಡಿಕೆ, ಮಾತಿನಲ್ಲಿ ಸುಣ್ಣ. "ಗೂಟ ಆದ್ರ ದಿನಾ ಕಡದು ಕಡದು ಗಾಡಿ ತುಂಬಾಕತ್ತೀವಲ್ಲೋ ಮಾರಾಯಾ. ನಿಮ್ಮ ಅಲ್ಲಾ ಬಂದು ಕೇಳಿದ್ರ ನಾ ಕೊಟ್ರಪ್ಪನ ಹೆಸರು ಹೇಳ್ತೀನಿ."

ಎಲ್ಲರೂ ನಕ್ಕರು. ಉಮರಸಾಬನ ಮುಖ ಸಣ್ಣದಾಯಿತು. ನಾನು ಸುಮ್ಮನಿರಬೇಕಿತ್ತು.

"ನಗಬ್ಯಾಡ್ರಿ," ಎಂದೆ. "ಶಾಸ್ತ್ರದಾಗೂ ಗುಡ್ಡಕ್ಕ ಬೇರು ಐತಿ ಅಂತಾರ."

ಹಾಸ್ಟೆಲಿನ ಲೈಬ್ರರಿಯಲ್ಲಿ ಓದಿದ್ದನ್ನು ಹೇಳಿದೆ. ಗೋಡೆ ಕಟ್ಟುವವರ ತೂಗುಗುಂಡನ್ನು ದೊಡ್ಡ ಬೆಟ್ಟದ ಹತ್ತಿರ ಇಳಿಬಿಟ್ಟರೆ ಬೆಟ್ಟ ಅದನ್ನು ತನ್ನ ಕಡೆಗೆ ಒಂದಿಷ್ಟು ಎಳೆಯುತ್ತದೆ. ನೂರು ವರ್ಷದ ಹಿಂದೆ ಹಿಮಾಲಯದ ಕಡೆ ಅಳೆದಾಗ ಆ ಎಳೆತ ಲೆಕ್ಕಕ್ಕಿಂತ ಬಹಳ ಕಡಿಮೆ ಬಂತು. ಮೇಲೆ ಅಷ್ಟು ಭಾರವಿದ್ದರೂ ಎಳೆತ ಕಡಿಮೆಯೆಂದರೆ ಕೆಳಗೆ ಹಗುರ ಕಲ್ಲು ಮೈಲಿಗಟ್ಟಲೆ ಆಳಕ್ಕೆ ಇಳಿದಿರಬೇಕು. ನೀರಿನಲ್ಲಿ ತೇಲುವ ದಿಮ್ಮಿ ಕಾಣುವುದು ಸ್ವಲ್ಪ, ಮುಳುಗಿದ್ದೇ ಹೆಚ್ಚು, ಹಾಗೆ. ಇಷ್ಟು ಹೇಳಿದೆ. ಆ ಬೇರು ಭೂಮಿಯನ್ನು ಅಲುಗದಂತೆ ಹಿಡಿಯುತ್ತದೆ ಎಂದು ನಾನು ಓದಿದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಹಿಮಾಲಯದ ಬುಡದಲ್ಲೇ, ಬಿಹಾರದಲ್ಲಿ, ಹನ್ನೆರಡು ವರ್ಷದ ಹಿಂದೆ ನೆಲ ನಡುಗಿ ಸಾವಿರಾರು ಜನ ಸತ್ತಿದ್ದರು. ಅದನ್ನು ಹೇಳಲಿಲ್ಲ.

ಉಮರಸಾಬ ರೊಟ್ಟಿ ಕೆಳಗಿಟ್ಟ. "ಹಂಗಾರ ಇದಕ್ಕೂ ಐತೇನ್ರಿ, ಬೇರು?" ಎಂದು ಕೈ ಮಾಡಿ ತೋರಿಸಿದ.

ಅವನು ತೋರಿಸಿದ್ದು ಕಲ್ಲು ಒಡೆಯುವ ಕಣಿಯ ಪಕ್ಕದ ಇಳಿಜಾರಿನಲ್ಲಿದ್ದ ಒಂಟಿ ಬಂಡೆ. ಎರಡಾಳೆತ್ತರ, ಕೆಳಗೆ ಹೋಗುತ್ತ ಸಣ್ಣದಾಗಿ ಗರಸಿನಲ್ಲಿ, ಕಲ್ಲುಪುಡಿ ಬೆರೆತ ಸಡಿಲ ಮಣ್ಣಿನಲ್ಲಿ, ಹೂತಂತಿತ್ತು. ಗೂಟದ ಮಾತನ್ನು ಅವನು ಹಿಂದೊಮ್ಮೆ ಯಾರ ಬಾಯಲ್ಲೋ ಕೇಳಿದ್ದ. ಅಂದಿನಿಂದ ಅದಕ್ಕೆ ಗೂಟದ ಬಂಡೆ ಎಂದು ಹೆಸರಿಟ್ಟಿದ್ದ. ಕಲ್ಲಿನ ಕೆಲಸದಲ್ಲಿ ಒಂದು ಕಟ್ಟಳೆಯಿದೆ: ಕಾಲಿಡುವ ಮೊದಲು ಕಲ್ಲನ್ನು ಬಡಿದು ಕೇಳಬೇಕು. ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ತಳ ಬಿಟ್ಟ ಕಲ್ಲು ಒಡೆದ ಕೊಡದ ಹಾಗೆ ಬದ್ ಎನ್ನುತ್ತದೆ. ಉಮರಸಾಬನಷ್ಟು ಚೆನ್ನಾಗಿ ಅದನ್ನು ಕೇಳುವವರು ಆ ಗುಡ್ಡದಲ್ಲಿ ಇರಲಿಲ್ಲ. ಅಲ್ಲಿ ಸುತ್ತಿಗೆ ಮುಟ್ಟಿಸದೆ ಬಿಟ್ಟ ಕಲ್ಲು ಅದೊಂದೇ. ಅಲ್ಲಾ ಹೊಡೆದ ಗೂಟಕ್ಕೆ ಮನುಷ್ಯ ಸುತ್ತಿಗೆ ಹಾಕಬಾರದೆಂದು ಅವನೇ ಮಾಡಿಕೊಂಡ ನೇಮ. ಉಳಿದವರೂ ಅದನ್ನು ಪಾಲಿಸುತ್ತಿದ್ದರು. ವಡ್ಡರು ಅದರ ನೆತ್ತಿಗೆ ಒಂದಿಷ್ಟು ಕುಂಕುಮ ಸಹ ಬಳಿದಿದ್ದರು.

ನನಗೆ ಗೊತ್ತಿತ್ತು. ಇಂಥ ಗುಡ್ಡ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಪದರ ಸವೆದು ಹೋದ ಮೇಲೆ ನಡುವಿನ ಗಟ್ಟಿ ಗುಂಡು ಉಳಿಯುತ್ತದೆ. ಅದಕ್ಕೆ ಬೇರಿಲ್ಲ. ಕೊಳೆತ ಕಲ್ಲಿನ ಪುಡಿಯ ಮೇಲೆ ಕೂತಿರುತ್ತದೆ, ಅಷ್ಟೇ. ಮೂವತ್ತು ಜನ ರೊಟ್ಟಿ ತಿನ್ನುವುದು ಬಿಟ್ಟು ನನ್ನ ಬಾಯಿ ನೋಡುತ್ತಿದ್ದರು. ನನ್ನ ಮಾತನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

"ಐತಿ," ಎಂದೆ.

ಮುಂದಿನ ಸೋಮವಾರದಿಂದ ಮದ್ದು ಹಾರಿಸುವ ಹೊತ್ತಿಗೆ ಕುಳಿಯ ಹತ್ತಿರ ಕೆಲಸ ಮಾಡುವವರು ದೂರದ ಹಳ್ಳಕ್ಕೆ ಓಡುವುದನ್ನು ಬಿಟ್ಟರು. ಗೂಟದ ಬಂಡೆಯ ಬುಡದಲ್ಲಿ ಒಂದು ಪೊಟರೆ ಇತ್ತು. ಅದನ್ನೇ ಸ್ವಲ್ಪ ತೋಡಿ ಅಗಲ ಮಾಡಿಕೊಂಡು ಅಲ್ಲಿ ಕೂರತೊಡಗಿದರು. ಹೋಗಿ ಬರುವ ಹೊತ್ತು ಉಳಿಯಿತೆಂದು ಕೊಟ್ರಪ್ಪನಿಗೆ ಖುಷಿ. ನಾನೂ ಎರಡು ಸಲ ಆ ಪೊಟರೆಯ ಬಾಯಲ್ಲಿ ಕೂತಿದ್ದೆ, ಒಂದು ಕಾಲು ಹೊರಗಿಟ್ಟುಕೊಂಡು. ಬಾಯಿ ಬಿಡಲಿಲ್ಲ. ಒಮ್ಮೆ ಆಡಿದ ಸುಳ್ಳಿಗೆ ಮೂರು ತಿಂಗಳಾದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ಆ ಮಂಗಳವಾರ ಮೂರನೆಯ ಕುಳಿ ಹಾರಿದಾಗ ಬಂಡೆ ಒಂದು ಮೊಳ ಕೆಳಗೆ ಜಾರಿತು. ಸದ್ದೇನೂ ದೊಡ್ಡದಿರಲಿಲ್ಲ, ಎತ್ತಿನ ಗಾಡಿ ಮರಳಿನಲ್ಲಿ ಎಳೆದಂತೆ. ಪೊಟರೆಯಲ್ಲಿದ್ದ ಆರು ಜನರಲ್ಲಿ ಐವರು ಹೊರಗೆ ಬಿದ್ದರು. ಒಳಗಡೆ ಕೂತಿದ್ದ ಮಕ್ಬುಲಸಾಬ ಉಳಿದ. ಪೊಟರೆಯ ಬಾಯಿ ಮುಚ್ಚಿ ಒಂದು ಗೇಣಿಗಿಂತ ತುಸು ಹೆಚ್ಚು ಸಂದು ಬಿಟ್ಟಿತ್ತು.

ನಾನು ಓಡಿ ಬಂದಾಗ ಉಮರಸಾಬ ಸಂದಿಗೆ ಬಾಯಿ ಇಟ್ಟು ಕೂಗುತ್ತಿದ್ದ.

"ಅದೀಯೇನೋ?"

"ಅದೀನಿ ಮಾವಾ. ಬಲಗಾಲು ಸಿಕ್ಕೈತಿ. ಮೊಣಕಾಲಿನ ಕೆಳಗ ಏನೂ ಗೊತ್ತಾಗವಲ್ದು."

"ರಕ್ತ?"

"ಕತ್ಲ ಐತಿ. ಕೈಗೆ ಹಸಿ ಹತ್ತಾಕತ್ತೈತಿ."

ಕೊಟ್ರಪ್ಪ ಇಪ್ಪತ್ತು ಹಾರೆ ತರಿಸಿ ಎತ್ತೋಣ ಎಂದ. ದುರುಗವ್ವ ಅವನನ್ನು ಕೆಕ್ಕರಿಸಿ ನೋಡಿದಳು. "ನಿಮ್ಮ ಹೆಂಡ್ತಿ ಬೀಸೂ ಕಲ್ಲು ಅಂತ ಮಾಡೀರೇನು? ನೂರು ಮಂದಿ ಬಂದ್ರೂ ಇದು ಏಳೂದಿಲ್ಲ. ಎದ್ದರ ಅವನ ಮ್ಯಾಲ ಕೂಡ್ರತೈತಿ."

ಉಮರಸಾಬ ಎದ್ದು ಗುದ್ದಲಿ ಕೇಳಿದ. ಅವನ ತಲೆಯಲ್ಲಿ ಎಲ್ಲ ಸ್ಪಷ್ಟವಿತ್ತು. ಮುಂದಿನ ತುಂಡೊಂದು ಒಡೆದು ಜಾರಿದೆ, ಗೂಟ ಇದ್ದಲ್ಲೇ ಇದೆ. ಹೊರಗಿನಿಂದ ಗರಸನ್ನು ಅಗೆದು ಒಂದು ಕಾಲುವೆ ಮಾಡಿದರೆ ಕಾಲಿನ ಕೆಳಗಿನ ನೆಲ ಇಳಿಯುತ್ತದೆ, ಕಾಲು ಸಡಿಲಾಗುತ್ತದೆ. ಒಂದು ತಾಸಿನ ಕೆಲಸ. ಬಂಡೆಗೆ ಬೇರು ಇದ್ದಿದ್ದರೆ ಅದು ಸರಿಯಾದ ದಾರಿಯೇ. ಬೇರು ಇಲ್ಲದಿದ್ದರೆ ಹತ್ತು ಗುದ್ದಲಿ ಗರಸು ತೆಗೆಯುವಷ್ಟರಲ್ಲಿ ಬಂಡೆ ಕೆಳಗಿಳಿದು ಮಕ್ಬುಲಸಾಬನನ್ನು ಅರೆದುಬಿಡುತ್ತದೆ.

ಅವನು ಗುದ್ದಲಿ ಎತ್ತಿದ. ನಾನು ಹೋಗಿ ಗುದ್ದಲಿಯ ಕಾವು ಹಿಡಿದೆ.

"ಬ್ಯಾಡ ಕಾಕಾ. ಬಂಡೆ ಜಾರತೈತಿ."

"ಹೆಂಗ ಜಾರತೈತ್ರಿ? ಬೇರು ಐತಿ ಅದಕ್ಕ."

"ಇಲ್ಲ."

"ಏನ್ ಇಲ್ಲ?"

"ಬೇರು ಇಲ್ಲ. ಆವತ್ತು ನಾ ಸುಳ್ಳು ಹೇಳೀನಿ."

ಉಮರಸಾಬ ನನ್ನನ್ನು ನೋಡಿದ. ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಕೆಲಸದ ನಡುವೆ ಕೈಗೆ ಅಡ್ಡ ಬಂದವರನ್ನು ನೋಡುವ ಹಾಗೆ. "ಸಾಹೇಬ್ರ, ನೀವು ಹೆದರೀರಿ. ಅದಕ್ಕ ಹಿಂಗ ಅಂತೀರಿ. ಕೈ ಬಿಡ್ರಿ."

"ಹೆದರಿಲ್ಲ ಅಂತ ಹೇಳೂದಿಲ್ಲ. ಆದರ ಇದು ಖರೆ. ಬೇರು ಇರೋದು ಹಿಮಾಲಯದಂಥ ಗುಡ್ಡಕ್ಕ. ಇದು ಉಳ್ಳಾಗಡ್ಡಿ ಸಿಪ್ಪಿ ಉದರಿದ ಮ್ಯಾಲ ಉಳದ ಗಡ್ಡಿ. ಪುಡಿ ಮ್ಯಾಲ ಕುಂತೈತಿ."

"ಹಂಗಾರ ಆವತ್ತು ಐತಿ ಅಂತ ಯಾಕ ಹೇಳಿದ್ರಿ?"

"ನಿಮ್ಮ ಮಾರಿ ನೋಡಿ ಹೇಳಿದೆ. ಎಲ್ಲಾರೂ ನನ್ನ ಮಾತು ಕೇಳಾಕತ್ತಿದ್ರು. ಅದಕ್ಕ ಹೇಳಿದೆ."

ಅವನು ನಿಧಾನಕ್ಕೆ, ಮಕ್ಕಳಿಗೆ ಹೇಳುವಂತೆ ಹೇಳಿದ: "ನೋಡ್ರಿ. ನಮ್ಮ ಕಿತಾಬದಾಗ ಐತಿ. ನಿಮ್ಮ ಪುಸ್ತಕದಾಗ ಐತಿ ಅಂತ ನೀವ ಹೇಳೀರಿ. ಎರಡು ಪುಸ್ತಕದಾಗಿಂದು ಸುಳ್ಳು, ಈಗ ನಿಮ್ಮ ಬಾಯಾಗ ಬಂದದ್ದು ಖರೆ ಅಂತ ನಾ ಹೆಂಗ ನಂಬಲಿ? ಒಳಗಿರಾವ ನನ್ನ ಅಳಿಯ. ನಿಮ್ಮ ತಮ್ಮ ಅಲ್ಲ."

ನನ್ನ ಮಾತಿನ ಬೆಲೆಯನ್ನು ಈಗಷ್ಟೇ ನಾನೇ ಕಳೆದುಕೊಂಡಿದ್ದೆ. ಅದೇ ಮಾತಿನಿಂದ ಅವನನ್ನು ತಡೆಯಬೇಕಿತ್ತು.

"ನನ್ನ ನಂಬಬ್ಯಾಡ್ರಿ," ಎಂದೆ. "ಬಡದು ಕೇಳ್ರಿ."

ಉಮರಸಾಬ ತಲೆ ಅಲ್ಲಾಡಿಸಿದ. "ಅದಕ್ಕ ಸುತ್ತಿಗಿ ಹಾಕೂದಿಲ್ಲ ನಾ."

"ಎಲ್ಲಾ ಕಲ್ಲು ಬಡದು ಕೇಳ್ತೀರಿ. ಇದೊಂದ ಕೇಳಿಲ್ಲ."

"ಹಾಕೂದಿಲ್ಲ ಅಂದೆ."

ಅಷ್ಟರಲ್ಲಿ ಮಾಶಾಬಿ ಬಂದಳು. ಗುಡ್ಡದ ಕೆಳಗಿನ ಗುಡಿಸಲಿನಿಂದ ದಿನವೂ ಇಬ್ಬರಿಗೂ ರೊಟ್ಟಿ ತರುತ್ತಿದ್ದಳು. ದಾರಿಯಲ್ಲೇ ಯಾರೋ ಹೇಳಿದ್ದರು. ಬುಟ್ಟಿ ಇನ್ನೂ ತಲೆಯ ಮೇಲಿತ್ತು. ಅವಳು ಅಳಲಿಲ್ಲ, ಬಡಿದುಕೊಳ್ಳಲಿಲ್ಲ. ಸಂದಿನ ಹತ್ತಿರ ಕೂತು, "ಇಲ್ಲಿ ಅದೀನಿ" ಎಂದಳು.

"ರೊಟ್ಟಿ ತಂದೀಯೇನು?" ಒಳಗಿನಿಂದ ಮಕ್ಬುಲಸಾಬ ಕೇಳಿದ.

"ತಂದೀನಿ. ಹೊರಗ ಬಂದು ತಿನ್ನು."

"ಪಲ್ಯ ಏನು?"

"ಪುಂಡಿಪಲ್ಯ."

"ದಿನಾ ಪುಂಡಿಪಲ್ಯ," ಎಂದ. ಆಮೇಲೆ ಅವನ ಹಲ್ಲು ಕಟಕಟಿಸುವುದು ನಮಗೆಲ್ಲ ಕೇಳಿಸಿತು. ಹೊರಗೆ ಬಿಸಿಲು ಸುಡುತ್ತಿತ್ತು. ಅವನಿಗೆ ಚಳಿ ಹತ್ತಿತ್ತು.

ದುರುಗವ್ವ ಮಾಶಾಬಿಗೆ ಎರಡೇ ಮಾತಿನಲ್ಲಿ ತಿಳಿಸಿದಳು: ನಿಮ್ಮಪ್ಪ ಅಗೀಬೇಕು ಅಂತಾನ, ಸಾಹೇಬ್ರು ಅಗದ್ರ ಸಾಯ್ತಾನ ಅಂತಾರ, ಬಡದು ನೋಡಿದ್ರ ಗೊತ್ತಾಗತೈತಿ, ನಿಮ್ಮಪ್ಪ ಬಡಿಯೂದಿಲ್ಲ.

ಮಾಶಾಬಿ ತಂದೆಯ ಕಡೆ ತಿರುಗಿದಳು. "ಅಪ್ಪಾ, ಬಡಿ."

"ಮಗಳಾ, ನಿನಗ ಗೊತ್ತಿಲ್ಲ..."

"ಪಾಪ ಬಂದ್ರ ನನಗ ಬರಲಿ. ನೀ ಬಡೀದಿದ್ರ ನಾ ಬಡೀತೀನಿ. ಆದರ ನನಗ ಕೇಳಾಕ ಬರೂದಿಲ್ಲ. ನಿನಗ ಬರತೈತಿ."

ಉಮರಸಾಬ ಗುದ್ದಲಿ ಕೆಳಗೆ ಹಾಕಿದ. ಸಣ್ಣ ಸುತ್ತಿಗೆ ತೆಗೆದುಕೊಂಡ. ಬಂಡೆಯ ಮುಂದೆ ನಿಂತು ತುಟಿ ಅಲ್ಲಾಡಿಸಿದ. ಎಡಗೈಯನ್ನು ಬಂಡೆಗೆ ಆನಿಸಿ, ಕಿವಿ ಹತ್ತಿರ ತಂದು, ಹಗುರವಾಗಿ ಒಂದು ಏಟು ಹಾಕಿದ.

ಬದ್.

ಕಲ್ಲಿನ ಕೆಲಸದವರಿಗೆಲ್ಲ ಗೊತ್ತಾಯಿತು. ಗುರುತು ಹಾಕುವ ನನಗೂ ಗೊತ್ತಾಯಿತು. ಅವನು ಎರಡು ಹೆಜ್ಜೆ ಸರಿದು ಇನ್ನೊಂದು ಹಾಕಿದ, ಬುಡದಲ್ಲಿ ಬಗ್ಗಿ ಮತ್ತೊಂದು ಹಾಕಿದ. ಎಲ್ಲ ಕಡೆ ಅದೇ.

"ಮಾವಾ," ಒಳಗಿನಿಂದ ಮಕ್ಬುಲಸಾಬ ಎಂದ, "ನನಗೂ ಕೇಳಿತು."

ಉಮರಸಾಬ ಸುತ್ತಿಗೆಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ, ಸದ್ದಾಗದ ಹಾಗೆ. ಕುಕ್ಕರುಗಾಲಲ್ಲಿ ಕೂತ. "ಕಿತಾಬ ಸುಳ್ಳಲ್ಲ," ಎಂದ, ಯಾರಿಗೂ ಅಲ್ಲ. "ಅದರಾಗ ಈ ಕಲ್ಲಿನ ಹೆಸರು ಇರಲಿಲ್ಲ. ನಾನ ಇಟ್ಟೆ." ಆಮೇಲೆ ನನ್ನತ್ತ ನೋಡಿದ. "ಈಗ ಹೇಳ್ರಿ. ಏನ್ ಮಾಡೂದು?"

ನನಗೆ ಹೊಳೆದದ್ದು ಒಂದೇ ದಾರಿ. ಹೊರಗಿನಿಂದ ಅಗೆಯುವಂತಿಲ್ಲ. ಸುತ್ತಿಗೆ ಗುದ್ದಲಿ ಯಾವುದನ್ನೂ ಆಡಿಸುವಂತಿಲ್ಲ. ಯಾರಾದರೂ ಸಂದಿನಿಂದ ಒಳಗೆ ಹೋಗಿ ಕಾಲಿನ ಪಕ್ಕದ ಗರಸನ್ನು ಕೈಯಿಂದ ಒಂದು ಹಿಡಿ ತೆಗೆಯಬೇಕು. ತೆಗೆದಲ್ಲಿ ಅಷ್ಟೇ ದಪ್ಪದ ಕಲ್ಲಿನ ಚೂರು ಬಿಗಿಯಾಗಿ ಇಡಬೇಕು. ಹಿಡಿ ತೆಗೆಯುವುದು, ಚೂರು ಇಡುವುದು. ಹೀಗೆ ಭಾರವನ್ನು ಚೂರುಗಳು ಹೊತ್ತ ಮೇಲೆ ಕಾಲಿನ ಕೆಳಗಿನ ಗರಸನ್ನು ಕೆದರಿದರೆ ಕಾಲು ಸಡಿಲಾಗುತ್ತದೆ. ಬಂಡೆಗೆ ತನ್ನ ಕೆಳಗೆ ಏನಾದರೂ ಬದಲಾಗಿದೆ ಎಂದು ಗೊತ್ತಾಗಬಾರದು.

"ಯಾರು ಹೋಗಾವ್ರು?" ಎಂದ ಕೊಟ್ರಪ್ಪ. ಆ ಸಂದಿನಲ್ಲಿ ಉಮರಸಾಬನ ಎದೆ ಹಿಡಿಯುತ್ತಿರಲಿಲ್ಲ. ಕಲ್ಲು ಎತ್ತುವ ಯಾರ ಎದೆಯೂ ಹಿಡಿಯುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ಹಾಸ್ಟೆಲಿನ ಊಟ ತಿಂದು ಬೆಳೆದ ಸಣಕಲು ಮೈ. ನಾನು ಹೋಗುತ್ತೇನೆಂದು ಮುಂದೆ ಬಂದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನಾನು ಕಾಯುತ್ತಿದ್ದೆ, ಇನ್ನಾರಾದರೂ ಸಿಗಬಹುದೆಂದು. ಯಾರೂ ಸಿಗಲಿಲ್ಲ. ಅಂಗಿ ಬಿಚ್ಚಿದೆ.

ದುರುಗವ್ವ ವಡ್ಡರ ಹೆಂಗಸರನ್ನು ಸಾಲಾಗಿ ಕೂರಿಸಿದಳು. "ತೆಳ್ಳನ್ನವು ಬ್ಯಾರೆ, ದಪ್ಪನ್ನವು ಬ್ಯಾರೆ. ಚೂಪಂದು ಬ್ಯಾಡ, ಚಪ್ಪಟಿ ಆರಸ್ರಿ," ಎಂದು ಕಲ್ಲಿನ ಚೂರುಗಳನ್ನು ಬೇರೆ ಮಾಡಿಸಿದಳು. "ತಮ್ಮಾ," ಎಂದಳು ನನಗೆ, "ಇಟ್ಟ ಕಲ್ಲು ಅಲುಗಿದ್ರ ತಗದು ಇನ್ನೊಂದು ಇಡು. ಅವಸರ ಮಾಡಬ್ಯಾಡ. ನಾವು ಹಂಗ ಗ್ವಾಡಿ ಕಟ್ತೀವಿ, ಗಾರಿ ಇಲ್ಲದ."

ಅಂಗಾತ ಮಲಗಿ ತೆವಳುತ್ತ ಒಳಗೆ ಹೋದೆ. ಬಂಡೆಯ ಹೊಟ್ಟೆ ನನ್ನ ಮೂಗಿಗೆ ನಾಲ್ಕು ಬೆರಳಿನಷ್ಟು ದೂರ. ಮದ್ದಿನ ವಾಸನೆ, ಉಚ್ಚೆಯ ವಾಸನೆ. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಮಕ್ಬುಲಸಾಬನ ಮುಖ ಕಂಡಿತು. ಗರಸಿನ ಧೂಳಿನಿಂದ ಬೂದಿ ಬಳಿದಂತಾಗಿತ್ತು.

"ಸಾಹೇಬ್ರು ಬಂದ್ರೇನ್ರಿ? ನಾ ತೆಳಗ ಹುಡುಕೇ ಹುಡುಕೀನಿ. ಬೇರು ಕಾಣವಲ್ದು."

"ಮಾತಾಡಬ್ಯಾಡ."

"ಮಾತಾಡದಿದ್ರ ನಿದ್ದಿ ಬರತೈತಿ. ನಿದ್ದಿ ಬಂದ್ರ ಮಾವ ಬೈತಾನ."

ಒಂದು ಹಿಡಿ ಗರಸು ತೆಗೆದು ಹಿಂದಕ್ಕೆ ತಳ್ಳಿದೆ. ಉಮರಸಾಬನ ಕೈ ಸಂದಿನಿಂದ ಒಂದು ಚೂರು ಕೊಟ್ಟಿತು. ಇಟ್ಟೆ, ಅಂಗೈಯಿಂದ ಒತ್ತಿದೆ. ಇನ್ನೊಂದು ಹಿಡಿ. ಇನ್ನೊಂದು ಚೂರು. ಕೆಲವು ಚೂರು ಕೂರಲಿಲ್ಲ, ಹಿಂದಕ್ಕೆ ಕೊಟ್ಟೆ. ಅವನು ಏನೂ ಕೇಳದೆ ಬೇರೆ ಕೊಟ್ಟ. ಎಷ್ಟೋ ಹೊತ್ತಿನ ಮೇಲೆ ಮೇಲಿನಿಂದ ಪುಡಿ ಉದುರಿ ನನ್ನ ಕಣ್ಣಿಗೆ ಬಿತ್ತು. ಬಂಡೆ ಒಮ್ಮೆ ಕುಂಯ್ ಎಂದಿತು. ನಾನು ಕೈ ನಿಲ್ಲಿಸಿ ಮಲಗಿದೆ. ಸತ್ತರೆ ಹೀಗೇ ಸಾಯುತ್ತೇನೆ ಎಂದು ಗೊತ್ತಾಯಿತು. ದೇವರ ನೆನಪಾಗಲಿಲ್ಲ, ತಾಯಿಯ ನೆನಪೂ ಆಗಲಿಲ್ಲ. ಹೊರಗೆ ಹೋಗಬೇಕು ಎಂಬುದೊಂದೇ ತಲೆಯಲ್ಲಿತ್ತು.

"ಹೊರಗ ಹೋಗ್ರಿ," ಎಂದ ಮಕ್ಬುಲಸಾಬ. ಈಗ ತಮಾಷೆಯಿರಲಿಲ್ಲ. "ಇಬ್ಬರು ಯಾಕ?"

ನಾನು ಹೋಗಲು ಹೊರಳಿದೆ. ನಿಜವಾಗಿ ಹೊರಳಿದೆ. ಆಗ ಉಮರಸಾಬನ ಕೈ ಇನ್ನೊಂದು ಚೂರು ಹಿಡಿದು ಒಳಗೆ ಬಂದಿತ್ತು. ಕೈ ಅಲ್ಲೇ ಕಾಯುತ್ತಿತ್ತು. ಚೂರು ತೆಗೆದುಕೊಂಡೆ.

ಕಾಲು ಸಡಿಲಾದಾಗ ಬಿಸಿಲು ಇಳಿಯತೊಡಗಿತ್ತು. ಅವನ ತೋಳಿಗೆ ಹಗ್ಗ ಕಟ್ಟಿದೆ, ಹೊರಗಿನವರು ಎಳೆದರು. ಅವನು ಕಿರುಚಿದ್ದು ಆಗ ಮಾತ್ರ. ನಾನು ಹೊರಗೆ ಬಂದು ಅಂಗಾತ ಬಿದ್ದಿದ್ದಾಗ ದುರುಗವ್ವ ನನ್ನ ಬಾಯಿಗೆ ನೀರು ಹಾಕಿದಳು. ಬಂಡೆ ಬೀಳಲಿಲ್ಲ. ನಾವು ಇಟ್ಟ ಚೂರುಗಳ ಮೇಲೆ ಕೂತಿತ್ತು.

ಕಲ್ಲು ಹೇರುವ ಗಾಡಿಯಲ್ಲಿ ಹುಲ್ಲು ಹಾಸಿ ಗಂಗಾವತಿಗೆ ಹೊರಟೆವು. ದಾರಿಯಲ್ಲಿ ಮಕ್ಬುಲಸಾಬ ಮಾಶಾಬಿಯ ಕೈಯಿಂದ ಅರ್ಧ ರೊಟ್ಟಿ ತಿಂದು ವಾಂತಿ ಮಾಡಿಕೊಂಡ. ಕಾಲು ಕಾಲಿನಂತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಮೊದಲು ನೋಡಿದಾಗ ಬೆಳಿಗ್ಗೆಯವರೆಗೆ ಕಾಯೋಣ ಎಂದರು. ಬೆಳಿಗ್ಗೆ ನೋಡಿ, ಮೊಣಕಾಲಿನ ಮೇಲೆ ಕತ್ತರಿಸಬೇಕು, ಹೊತ್ತು ಮಾಡಿದರೆ ವಿಷ ಏರುತ್ತದೆ, ಕತ್ತರಿಸಿದರೂ ಮೂರು ದಿನ ಏನೂ ಹೇಳಲಾಗುವುದಿಲ್ಲ ಎಂದರು. ಹೆಬ್ಬೆಟ್ಟು ಒತ್ತಲು ಒಪ್ಪಿಗೆಯ ಕಾಗದ ಕೊಟ್ಟರು. ಮಕ್ಬುಲಸಾಬನಿಗೆ ಜ್ವರ ಏರಿ ಎಚ್ಚರ ಇರಲಿಲ್ಲ.

ಉಮರಸಾಬ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದ. ಉರ್ದುವಿನಲ್ಲಿತ್ತು. ಓದಿ ಹೇಳಿದೆ.

"ಕಾಲು ತಗದ್ರ ಉಳೀತಾನೇನ್ರಿ?" ಎಂದ.

"ನನಗ ಗೊತ್ತಿಲ್ಲ ಕಾಕಾ."

"ನಿಮ್ಮ ಪುಸ್ತಕದಾಗ ಏನಾರ ಐತೇನು?"

"ನಾ ಓದಿದ್ದು ಕಲ್ಲಿನ ಪುಸ್ತಕ. ಇದರ ಬಗ್ಗೆ ನನಗ ಏನೂ ಗೊತ್ತಿಲ್ಲ."

ಅವನು ಇನ್ನೂ ನಿಂತಿದ್ದ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು: ಉಳೀತಾನ. ಅವನು ಅದನ್ನೇ ಹಿಡಿದುಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದ. ಅವನ ಮುಖ ಅದನ್ನೇ ಬೇಡುತ್ತಿತ್ತು. ಆ ಮಾತು ಹೇಳದೆ ಇರುವುದು ಸಂದಿನೊಳಗೆ ಹೋದದ್ದಕ್ಕಿಂತ ಕಷ್ಟವಾಯಿತು.

"ಸಾಲಿ ಕಲತು ಏನ್ ಬಂತ್ರಿ ಹಂಗಾರ," ಎಂದ.

ಮಾಶಾಬಿ ಅವನ ಕೈಯಿಂದ ಕಾಗದ ತೆಗೆದುಕೊಂಡಳು. "ಅವರು ಗೊತ್ತಿಲ್ಲ ಅಂದಾರ. ಸುಮ್ಮನ ಯಾಕ ಕೇಳ್ತಿ?" ಡಾಕ್ಟರರ ಮೇಜಿನ ಹತ್ತಿರ ಹೋಗಿ 'ಎಲ್ಲಿ ಒತ್ತಲಿ' ಎಂದು ಕೇಳಿ ಒತ್ತಿದಳು. "ಕಾಲು ತೆಗೀರಿ," ಎಂದಳು. "ನನಗ ಮನಿಷಾ ಬೇಕು."

ಮಧ್ಯಾಹ್ನದ ಮೇಲೆ ಕಂಪೌಂಡರ್ ಹೊರಗೆ ಬಂದು ಒಂದು ಗಂಟು ಕೊಟ್ಟ. ಬಿಳಿ ಬಟ್ಟೆ, ಮೇಲೆ ಗೋಣಿ. ಉಮರಸಾಬನ ಕೈ ಮುಂದೆ ಬರಲಿಲ್ಲ. ನಾನು ಇಸಿದುಕೊಂಡೆ. ಅವರಲ್ಲಿ ಮೈಯಿಂದ ಬೇರೆಯಾದದ್ದನ್ನೂ ಮಣ್ಣು ಮಾಡಬೇಕು. ಇಬ್ಬರೂ ಊರ ಹೊರಗಿನ ಖಬರಸ್ತಾನಕ್ಕೆ ನಡೆದೆವು. ಮಾಶಾಬಿ ಆಸ್ಪತ್ರೆಯಲ್ಲೇ ಉಳಿದಳು.

ಅಗೆಯುವವನು ಮುದುಕ. ವಿಷಯ ಆಗಲೇ ಅವನ ಕಿವಿಗೆ ಬಿದ್ದಿತ್ತು. ಗುದ್ದಲಿ ಆನಿಸಿಕೊಂಡು ಗಂಟನ್ನು ನೋಡಿದ, ಉಮರಸಾಬನನ್ನು ನೋಡಿದ.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ," ಎಂದ. "ನೆಲ ಭಾಳ ಗಟ್ಟಿ ಐತಿ. ಎರಡು ಮೊಳಕ್ಕ ಬಂಡೆ ಹತ್ತತೈತಿ. ಡಾಕ್ಟರು ಮೂರು ದಿನ ಅಂದಾರಂತ. ಪೂರಾ ಮನಿಷಾಗ ಆಗೂವಷ್ಟು ತೋಡಿ ಇಡ್ಲೇನು? ಆಮ್ಯಾಲ ಮತ್ತ ಅಗಿಯೂದು ತಪ್ಪತೈತಿ. ಉಳದ್ರ ಹಂಗ ಮುಚ್ಚಿದ್ರಾತು."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕೆಲಸದವನು ಕೆಲಸದ ಮಾತು ಹೇಳಿದ.

ಉಮರಸಾಬ ಬಗ್ಗಿ ನೆಲದ ಮೇಲೆ ತನ್ನ ತೋಳಿನಿಂದ ಅಳೆದ. ಒಂದು ಮೊಳ, ಅದರ ಮೇಲೆ ಒಂದು ಗೇಣು. ಬೆರಳಿನಿಂದ ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ ಎಳೆದ.

"ಇಷ್ಟ ತೋಡು," ಎಂದ.

ಮುದುಕ ಅಗೆಯತೊಡಗಿದ. ಗುದ್ದಲಿ ಒಮ್ಮೆ ಗೆರೆ ದಾಟಿತು. ಉಮರಸಾಬ ಕೈಯಿಂದ ಮಣ್ಣು ತಳ್ಳಿ ಅಲ್ಲಿ ಮತ್ತೆ ಮುಚ್ಚಿ, ಅಂಗೈಯಿಂದ ಒತ್ತಿ ಗಟ್ಟಿ ಮಾಡಿದ.